ಸೊಪ್ಪಿಟ್ಟಿದ್ದ ರೇಡಿಯೋ ಟ್ರಕ್ಕು

ಹುತ್ತೂರಿನಲ್ಲಿ ಬಸ್ಸಿಳಿದು ಚನ್ನರಾಯಪ್ಪನ ಮನೆಯ ಕಡೆ ನಡೆಯುವಾಗಲೇ, ಇವತ್ತು ತನ್ನನ್ನು ಯಾರೂ ಬನ್ನಿ ಎನ್ನುವುದಿಲ್ಲ ಎಂದು ಚಂದ್ರಮೋಹನನಿಗೆ ಅನ್ನಿಸಿತು. ಯಾಕೆಂದು ಗೊತ್ತಾಗಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ ಇಬ್ಬರು ಮಾತು ನಿಲ್ಲಿಸಿ ಅವನನ್ನು ನೋಡಿ, ಅವನು ಹತ್ತು ಹೆಜ್ಜೆ ಮುಂದೆ ಹೋದ ಮೇಲೆ ಮತ್ತೆ ಮಾತಿಗೆ ತೊಡಗಿದ್ದರು, ಅಷ್ಟೇ. ಹೆಗಲ ಚೀಲದಲ್ಲಿ ಸ್ಪ್ಯಾನರುಗಳು ಒಂದಕ್ಕೊಂದು ತಾಕಿ ಸದ್ದು ಮಾಡುತ್ತಿದ್ದವು. ಆ ಸದ್ದು ತನ್ನ ಸಂತೋಷವನ್ನು ಊರಿಗೆಲ್ಲ ಸಾರುತ್ತಿದೆ ಎನ್ನಿಸಿ ಚೀಲವನ್ನು ಎದೆಗೆ ಅವಚಿಕೊಂಡ. ಅರವತ್ತೊಂದು ವರ್ಷದವನು ಹೀಗೆ ಸಂತೋಷಪಡುವುದರಲ್ಲಿ ನಾಚಿಕೆಯ ಅಂಶ ಒಂದಿದೆ ಎಂದು ಅವನಿಗೆ ಗೊತ್ತಿತ್ತು. ಬೆಳಿಗ್ಗೆ ಕೋಲಾರದಲ್ಲಿ ಮನೆ ಬಿಡುವಾಗ ಹೆಂಡತಿ ಗಂಗಾಲಕ್ಷ್ಮಿ ಚಿತ್ರಾನ್ನದ ಡಬ್ಬಿಯನ್ನು ಚೀಲದೊಳಗೆ ಇಡುತ್ತಾ, "ಇಬ್ಬರಿಗಾಗೋಷ್ಟಿದೆ. ಜೊತೇಲಿ ಯಾರಾದ್ರೂ ಇದ್ದೇ ಇರ್ತಾರೆ," ಎಂದಿದ್ದಳು. ಟ್ರಕ್ಕಿನ ವಿಷಯದಲ್ಲಿ ಹನ್ನೊಂದು ವರ್ಷದಲ್ಲಿ ಅವಳು ಆಡಿದ ಸಿಡುಕಿಲ್ಲದ ಮಾತು ಅದೊಂದೇ.

ಹನ್ನೊಂದು ವರ್ಷದ ಹಿಂದೆ, ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದಾಗ, ಯಾರದೋ ಮದುವೆಗೆ ಬಂದು ದಾರಿ ತಪ್ಪಿ ಅವನು ಅದನ್ನು ನೋಡಿದ್ದ. ಹೊಂಗೆಮರದ ಕೆಳಗೆ, ಹುಲ್ಲಿನ ಮೆದೆಯ ಹಿಂದೆ, ಸೇನೆಯ ಹಳೆಯ ರೇಡಿಯೋ ಟ್ರಕ್ಕು. ಮುಂದೆ ಮೊಂಡು ಮೂತಿ. ಹಿಂದೆ ಕಿಟಕಿಯಿಲ್ಲದ ದೊಡ್ಡ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಇಬ್ಬರು ಕೂತು ಸಂದೇಶ ಹಿಡಿಯುವ ಮೇಜು, ಅದರ ಮೇಲೆ ಹಿತ್ತಾಳೆಯ ಪಟ್ಟಿಗಳು, ಮಾಡಿನಲ್ಲಿ ಏರಿಯಲ್ ಕೂರಿಸುವ ಪಿಂಗಾಣಿಯ ಬುಡಗಳು. ಇಂಥ ಪೆಟ್ಟಿಗೆ ಕೆಡದೆ ಉಳಿದಿರುವ ಟ್ರಕ್ಕು ದೇಶದಲ್ಲಿ ನಾಲ್ಕೋ ಐದೋ ಇರಬೇಕು. ಸೇನೆ ಮಾರಿದ ಮೇಲೆ ಅದು ಯಾರ್ಯಾರ ಕೈಯಲ್ಲೋ ಸುತ್ತಿ ಚನ್ನರಾಯಪ್ಪನ ಅಂಗಳಕ್ಕೆ ಬಂದು ನಿಂತಿತ್ತು. ಎರಡು ಪದರದ ಗೋಡೆ, ನಡುವೆ ಬೆಂಡು. ಬೇಸಿಗೆಯಲ್ಲೂ ಒಳಗೆ ತಣ್ಣಗಿರುತ್ತಿತ್ತು. ಚನ್ನರಾಯಪ್ಪನ ಹೆಂಡತಿ ಬೈರಮ್ಮ ಅದರೊಳಗೆ ರೇಷ್ಮೆಹುಳುವಿನ ಮರಿ ಸಾಕುತ್ತಿದ್ದಳು, ಹುಳು ದೊಡ್ಡದಾಗಿ ಪಕ್ಕದ ಹಳೆಯ ಹುಳುಮನೆಗೆ ಹೋದ ಮೇಲೆ ಹಿಪ್ಪುನೇರಳೆ ಸೊಪ್ಪು ಬಾಡದಂತೆ ಅಲ್ಲೇ ಇಡುತ್ತಿದ್ದಳು. ಹೊಸ ಹುಳುಮನೆ ಕಟ್ಟಿಸಿದ್ದರಿಂದಲೇ ಅವರು ಕೊನೆಗೆ ಮಾರಲು ಒಪ್ಪಿದ್ದು. ಇವತ್ತು ಅವನು ಅದನ್ನು ಓಡಿಸಿಕೊಂಡು ಹೋಗಲು ಬಂದಿದ್ದ. ಬರುವ ಭಾನುವಾರ ಮಾಲೂರಿನ ಮೈದಾನದಲ್ಲಿ ಹಳೆಯ ವಾಹನ ಇಟ್ಟುಕೊಂಡವರ ಕೂಟ. ಹೋದ ವರ್ಷ ಅಲ್ಲಿ ಬೆಂಗಳೂರಿನವನೊಬ್ಬ ತನ್ನ ಜೀಪಿನ ಫೋಟೋ ತೆಗೆಸಿಕೊಳ್ಳುವಾಗ, "ಅಂಕಲ್, ಸ್ವಲ್ಪ ಪಕ್ಕಕ್ಕೆ ಹೋಗ್ತೀರಾ, ಫ್ರೇಮಲ್ಲಿ ಬರ್ತಿದ್ದೀರ," ಎಂದಿದ್ದ. ಪಕ್ಕಕ್ಕೆ ಸರಿದಿದ್ದ ಚಂದ್ರಮೋಹನ. ಒಂದು ವರ್ಷ ಆ ಮೂರು ಹೆಜ್ಜೆಯನ್ನು ಅವನು ಮನಸ್ಸಿನಲ್ಲಿ ಮತ್ತೆ ಮತ್ತೆ ಇಟ್ಟಿದ್ದ.

ಅಂಗಳದಲ್ಲಿ ಹತ್ತು ಹದಿನೈದು ಜನ ನಿಂತಿದ್ದರು. ಹಸಿ ಸೊಪ್ಪು ಕೊಳೆತಂಥ, ಅದಕ್ಕಿಂತ ಸಿಹಿಯಾದ ವಾಸನೆ. ಚನ್ನರಾಯಪ್ಪನ ತಮ್ಮನ ಮಗ ಮುನಿಕೃಷ್ಣ ತಿರುಗಿ ನೋಡಿ, "ಬನ್ನಿ ಮೇಷ್ಟ್ರೇ, ನೀವೊಬ್ರು ಬಾಕಿ ಇದ್ರಿ. ಸಾವಿನ ಮನೇಲಿ ಗಾಡಿ ಕೇಳೋಕೆ ಒಳ್ಳೆ ಟೈಮಿಗೆ ಬಂದ್ರಿ," ಎಂದ. ಯಾರು ಸತ್ತರು ಎಂದು ಕೇಳಲು ಬಾಯಿ ತೆರೆದವನು ಹುಳುಮನೆಯ ಬಾಗಿಲಲ್ಲಿ ಸಾಲಾಗಿ ಇಟ್ಟಿದ್ದ ಬುಟ್ಟಿಗಳನ್ನು ನೋಡಿದ. ಬುಟ್ಟಿಗಳ ತುಂಬ ಬೆರಳುದ್ದದ ಬಿಳಿ ಹುಳುಗಳು, ಮೈ ಸುರುಟಿ ಅರ್ಧಕ್ಕರ್ಧ ಆದವು. ಬಾಯಿಯ ಹತ್ತಿರ ಹಸಿರು ಕಲೆ. ಕೆಲವು ಇನ್ನೂ ತಲೆಯೆತ್ತಿ ಆ ಕಡೆ ಈ ಕಡೆ ಆಡಿಸುತ್ತಿದ್ದವು, ಇಲ್ಲ ಇಲ್ಲ ಎನ್ನುವ ಹಾಗೆ.

ಬೈರಮ್ಮ ಹೊಸಿಲಿನ ಪಕ್ಕ ನೆಲದ ಮೇಲೆ ಕೂತಿದ್ದಳು. ಬಂದವರಿಗೆಲ್ಲ ಹೇಳಿದ್ದನ್ನೇ ಅವನಿಗೂ ಹೇಳಿದಳು. "ನಾಕನೇ ಜ್ವರ ಎದ್ದು, ಪೊರೆ ಬಿಟ್ಟು ಐದು ದಿನ ಆಗಿತ್ತು ಸಾರ್. ಇನ್ನೆರಡು ದಿನ ಇದ್ದಿದ್ರೆ ಗೂಡು ಕಟ್ಟೋವು. ನೆನ್ನೆ ಬೆಳಿಗ್ಗೆ ಸೊಪ್ಪು ಹಾಕ್ದೆ. ಮಳೆ ಹುಯ್ದಂಗೆ ಸದ್ದು ಮಾಡ್ಕೊಂಡು ತಿಂದ್ವು. ಒಂದು ಗಂಟೆ ಆಗಿಲ್ಲ, ಕಕ್ಕೋಕೆ ಶುರು ಮಾಡಿದ್ವು." ಆಮೇಲೆ ಅಷ್ಟರ ನಡುವೆಯೂ ಅವಳು ಪಕ್ಕದ ಹೆಂಗಸಿನ ಕಡೆ ತಿರುಗಿ, "ಬಿಸಿಲಲ್ಲಿ ಬಂದವ್ರೆ, ಒಂದು ಚೊಂಬು ನೀರು ಕೊಡೇ," ಎಂದಳು.

ನೀರು ಬಂತು. ಚೊಂಬು ಬಾಯಿಗೆ ಹಿಡಿದಾಗಲೇ ಅವನಿಗೆ ತಿಳಿದದ್ದು. ಅರ್ಧ ಕುಡಿದ ಚೊಂಬನ್ನು ಕೆಳಗಿಟ್ಟ. ಮೊನ್ನೆ ಮಧ್ಯಾಹ್ನ ಅವನು ಬ್ಯಾಟರಿ ಕೂರಿಸಲು ಬಂದಿದ್ದ. ಏರಿಯಲ್ ಕೂರಿಸುವ ತೂತಿನಲ್ಲಿ ಕಣಜಗಳು ಗೂಡು ಕಟ್ಟಿದ್ದವು. ಚೀಲದಲ್ಲಿ ಕೆಂಪು ಮುಚ್ಚಳದ ಡಬ್ಬಿ ಇತ್ತು, ಮನೆಯಲ್ಲಿ ಜಿರಳೆಗೆ ಹೊಡೆಯುವ ಔಷಧಿ. ಪೆಟ್ಟಿಗೆಯ ಬಾಗಿಲ ಮೇಲೆ ಬೈರಮ್ಮ ಯಾರಿಂದಲೋ ಸೀಮೆಸುಣ್ಣದಲ್ಲಿ ಬರೆಸಿದ್ದಳು: ಬೀಡಿ, ಸೆಂಟು, ಸೊಳ್ಳೆಬತ್ತಿ ಒಳಗೆ ತರಬಾರದು. ಅವನು ಓದಿದ್ದ. ಓದಿ, ಅಕ್ಷರ ದುಂಡಗಿದೆ ಎಂದುಕೊಂಡಿದ್ದ. ಒಳಗೆ ಹುಳು ಇರಲಿಲ್ಲ, ಸೊಪ್ಪು ಇರಲಿಲ್ಲ, ಖಾಲಿ. ನನ್ನದು ಎಂದುಕೊಂಡು ಬಾಗಿಲು ಮುಚ್ಚಿ ಡಬ್ಬಿ ಮುಗಿಯುವವರೆಗೆ ಹೊಡೆದಿದ್ದ, ಮೂಲೆ ಮೂಲೆಗೆ. ಆದರೆ ವ್ಯಾಪಾರ ಮುಗಿದ ದಿನ ಬೈರಮ್ಮ ಮಜ್ಜಿಗೆ ಕೊಟ್ಟು, "ನೀವು ತಗೊಂಡೋಗೋವರ್ಗೂ ಸೊಪ್ಪು ಇಟ್ಕೊಳ್ಲಾ ಸಾರ್, ತಣ್ಣಗಿರ್ತದೆ," ಎಂದು ಕೇಳಿದ್ದಳಲ್ಲ. "ಇಟ್ಕೊಳ್ಳಿ ಅಮ್ಮ, ಅದಕ್ಕೇನಂತೆ," ಎಂದಿದ್ದನಲ್ಲ. ಹಾಗೆ ಅನ್ನುವಾಗ ತಾನೆಂಥ ದೊಡ್ಡ ಮನುಷ್ಯ ಎನ್ನಿಸಿ ಮಜ್ಜಿಗೆ ಇನ್ನಷ್ಟು ರುಚಿಯಾಗಿತ್ತು. ಮೊನ್ನೆ ಸಂಜೆ ಅವನು ಹೋದ ಮೇಲೆ ಅವಳು ಸೊಪ್ಪು ಕೊಯ್ದು ತಂದು ಅದರೊಳಗೆ ಹರಡಿ, ಮೇಲೆ ಒದ್ದೆ ಗೋಣಿ ಹೊದಿಸಿದ್ದಾಳೆ.

ಕೂಗು ಎದ್ದಿತು. ಇಬ್ಬರು ಒಬ್ಬನನ್ನು ಕರೆದುಕೊಂಡು ಬಂದರು. ನಲವತ್ತು ದಾಟಿದ, ತೆಳ್ಳಗಿನ ಆಳು, ಲುಂಗಿಯ ಮೇಲೆ ಟೊಮೇಟೊ ಗಿಡದ ಹಸಿರು ಕಲೆ. ಹೆಸರು ಆಂಜಿ. ಗಡಿಯಂಚಿನ ತೆಲುಗು ಸೀಮೆ ರಾಯಲ್ಪಾಡಿನ ಕಡೆಯಿಂದ ಬಂದು ಚನ್ನರಾಯಪ್ಪನ ಹಿಪ್ಪುನೇರಳೆಯ ಪಕ್ಕದ ಹೊಲವನ್ನು ಗುತ್ತಿಗೆಗೆ ಹಿಡಿದಿದ್ದವನು. ಮೊನ್ನೆ ಬೆಳಿಗ್ಗೆ ಅವನು ಟೊಮೇಟೊಗೆ ಔಷಧಿ ಹೊಡೆದದ್ದನ್ನು ಎಲ್ಲರೂ ನೋಡಿದ್ದರು. ಸೊಪ್ಪು ಅಲ್ಲೇ ಕೆಟ್ಟಿದೆ ಎಂದು ಊರು ತೀರ್ಮಾನಿಸಿಯಾಗಿತ್ತು.

"ಏನ್ಲಾ, ಹೊಡೆಯೋಕೆ ಮುಂಚೆ ಒಂದು ಮಾತು ಹೇಳ್ಬೇಕು ಅಂತ ಗೊತ್ತಿಲ್ವಾ?" ಎಂದ ಚನ್ನರಾಯಪ್ಪ.

"ಹೇಳಿದ್ನಲ್ಲಣ್ಣ, ಅಕ್ಕಂಗೆ ಹೇಳ್ದೆ. ಗಾಳಿ ಕೆರೆ ಕಡೆಯಿಂದ ಇತ್ತು, ನಿಮ್ಮ ತೋಟದ ಕಡೆ ಬೀಸ್ಲೇ ಇಲ್ಲ. ನೋಡ್ಕೊಂಡೇ ಹೊಡ್ದಿದ್ದು."

"ಗಾಳಿ ಇವನಿಗೆ ಅಡ್ರೆಸ್ ಕೇಳ್ಕೊಂಡು ಹೋಗ್ತದೆ," ಎಂದ ಮುನಿಕೃಷ್ಣ. ಯಾರೋ ನಕ್ಕರು. "ಆ ಕಡೇರ್ನ ಊರಿಗೆ ಸೇರಿಸ್ಕೊಂಡಿದ್ದೇ ತಪ್ಪು."

ಚನ್ನರಾಯಪ್ಪ ಕೈಯೆತ್ತಿ ತಡೆದ. ನ್ಯಾಯವಾಗಿ ನಡೆದುಕೊಳ್ಳಬೇಕೆಂಬ ಹಟ ಅವನ ಮುಖದಲ್ಲಿತ್ತು. ಅವನು ಚಂದ್ರಮೋಹನನ ಕಡೆ ತಿರುಗಿದ. "ಮೇಷ್ಟ್ರೇ, ನೀವು ಕಾಲೇಜಲ್ಲಿ ಇದ್ದೋರು. ನಮ್ಮೂರೋರಲ್ಲ, ಯಾರ ಕಡೇನೂ ಅಲ್ಲ. ನೀವೇ ಹೇಳಿ. ಮೂವತ್ತು ಗಜ ದೂರ ಹೋಗ್ತದಾ ಔಷಧಿ, ಎದುರು ಗಾಳಿ ಇದ್ರೂ?"

ಎಲ್ಲರೂ ಅವನ ಕಡೆ ನೋಡಿದರು. ಕಾಲೇಜಿನಲ್ಲಿ ಯಾರೂ ಅವನನ್ನು ಮೇಷ್ಟ್ರು ಎಂದದ್ದಿಲ್ಲ. ಪಾಠ ಮಾಡುವವರು ಬೇರೆ, ಅವನು ಮೇಜಿನ ಮೇಲೆ ತಂತಿ ಜೋಡಿಸಿಕೊಡುವವನು. ಈ ಅಂಗಳದಲ್ಲಿ ಮೂವತ್ತು ಕಣ್ಣುಗಳು ತನ್ನ ಬಾಯಿಂದ ಬರುವ ಒಂದು ಪದಕ್ಕೆ ಕಾಯುತ್ತಿರುವಾಗ, ಹೆದರಿಕೆಯ ಅಡಿಯಲ್ಲಿ ಎಲ್ಲೋ ಒಂದು ಸಣ್ಣ ಹೆಮ್ಮೆಯೂ ಅಲುಗಿದ್ದನ್ನು ಅವನಿಂದ ಆಮೇಲೆ ಮರೆಯಲಾಗಲಿಲ್ಲ. ಗಾಳಿ ಸುಳಿಯುತ್ತದೆ, ಸಣ್ಣ ಹನಿ ತೇಲುತ್ತದೆ, ಶಾಸ್ತ್ರದಲ್ಲಿ ಅದಕ್ಕೆ ಜಾಗ ಇದೆ. ಸುಳ್ಳಲ್ಲ. ಮರದ ಕೆಳಗೆ ಟ್ರಕ್ಕಿನ ಮೂತಿ ಕಾಣುತ್ತಿತ್ತು.

"ಹೋಗಬಹುದು," ಎಂದ.

ಮುನಿಕೃಷ್ಣ ಒಳಗಿನಿಂದ ವೀಳ್ಯದೆಲೆಯ ಮೇಲೆ ಕರ್ಪೂರ ಹಚ್ಚಿಕೊಂಡು ಬಂದ. "ನೀನಲ್ದೆ ಇದ್ರೆ ಆರಿಸಿ ಹೇಳು. ಬಿಟ್ಬಿಡ್ತೀವಿ." ಅದು ಅಲ್ಲಿಯ ಕ್ರಮ, ಕರ್ಪೂರ ಆರಿಸಿ ಸುಳ್ಳಾಡಿದವನ ಮನೆಯ ದೀಪ ಆರುತ್ತದೆ ಎಂದು ನಂಬಿಕೆ. ಆಂಜಿ ಕೈ ಚಾಚಿದ. ಬೆರಳು ಜ್ವಾಲೆಯ ಹತ್ತಿರ ಹೋಯಿತು. ಆರಿಸಿದರೆ ಮುಗಿಯಿತು, ಎಲ್ಲ ಮುಗಿಯಿತು, ಆರಿಸು ಎಂದು ಚಂದ್ರಮೋಹನ ಒಳಗೇ ಬೇಡಿಕೊಂಡ. ಆಂಜಿ ಕೈಯನ್ನು ಹಿಂದಕ್ಕೆಳೆದು ಲುಂಗಿಗೆ ಒರೆಸಿಕೊಂಡ.

"ಹೊಡೆದಿರೋದಂತೂ ನಿಜ. ಹೋಗಿರಲ್ಲ ಅಂತ ನಾನು ಅಂದ್ಕೊಂಡಿದ್ದೆ. ಓದಿರೋರು ಹೋಗಬಹುದು ಅಂತವ್ರೆ. ನಾನೆಂಗಣ್ಣ ಆರಿಸ್ಲಿ?"

ಕರ್ಪೂರ ತಾನಾಗಿಯೇ ಉರಿದು ಮುಗಿಯಿತು. ನಾಳೆ ಸಂಜೆಯೊಳಗೆ ಗಿಡ ಕಿತ್ತು ಹೊಲ ಬಿಟ್ಟುಹೋಗಬೇಕೆಂದು ಚನ್ನರಾಯಪ್ಪ ಹೇಳಿದ. ಹೊಲದ ಒಡೆಯ ಅವನ ದಾಯಾದಿಯೇ. ಅಲ್ಲೇ ನಿಂತಿದ್ದವನು ತಲೆಯಾಡಿಸಿದ. ಗಿಡ ಈಗಷ್ಟೇ ಹೂ ಬಿಟ್ಟಿದೆ ಎಂದು ಆಂಜಿ ಒಂದು ಸಲ ಹೇಳಿದ, ಎರಡನೆಯ ಸಲ ಹೇಳಲಿಲ್ಲ.

ಟ್ರಕ್ಕು ಸ್ಟಾರ್ಟ್ ಆಗಲಿಲ್ಲ. ಮೊನ್ನೆ ಕೂರಿಸಿದ ಬ್ಯಾಟರಿ ಸತ್ತಿತ್ತು. "ತಳ್ರೋ, ಮೊದ್ಲು ಊರು ಬಿಟ್ಟು ತೊಲಗ್ಲಿ ಇದು. ಇದನ್ನ ಮಾರಿದ ಮೇಲೇನೆ ಲಕ್ಷ್ಮಿ ಹೋಗಿದ್ದು," ಎಂದ ಮುನಿಕೃಷ್ಣ. ಏಳೆಂಟು ಜನ ಸಿಟ್ಟಿನಿಂದಲೇ ತಳ್ಳಿದರು. ಇಂಜಿನ್ನು ಕೆಮ್ಮಿ, ಕಪ್ಪು ಹೊಗೆ ಕಾರಿ, ಹಿಡಿದುಕೊಂಡಿತು. ಬ್ರೇಕು ಅಷ್ಟು ಸರಿಯಿರಲಿಲ್ಲ. ನಿಲ್ಲಿಸಿದಾಗಲೆಲ್ಲ ಇಳಿದು ಚಕ್ರಕ್ಕೆ ಕಲ್ಲು ಕೊಡಲು ಕೋಲಾರದವರೆಗೆ ಒಬ್ಬರು ಬೇಕು. ಬರುತ್ತೇನೆಂದಿದ್ದ ಮುನಿಕೃಷ್ಣ ಮುಖ ತಿರುಗಿಸಿದ. ಆಂಜಿ ಬೇಲಿಯ ಹತ್ತಿರದಿಂದ ಒಂದು ಕಲ್ಲು ಎತ್ತಿಕೊಂಡು ಬಂದು ಪಕ್ಕದ ಸೀಟಿಗೆ ಹತ್ತಿದ. "ನಡೀರಿ ಸಾರ್. ನಂಗೂ ಇಲ್ಲಿ ನಿಂತ್ಕೊಳ್ಳೋಕಾಗ್ತಿಲ್ಲ."

ಊರು ಹಿಂದಾಯಿತು. ಸ್ಟೀರಿಂಗು ಭಾರ, ಗೇರು ಹಾಕಿದಾಗ ಹಲ್ಲು ಕಡಿಯುವ ಸದ್ದು, ಕಾಲಡಿಯ ತಗಡಿನಿಂದ ಏರುವ ಶಾಖ. ಹನ್ನೊಂದು ವರ್ಷ ಕನಸಿನಲ್ಲಿ ಓಡಿಸಿದ್ದಕ್ಕಿಂತ ಚೆನ್ನಾಗಿತ್ತು, ಅದೇ ಕೆಟ್ಟದ್ದು. ನೆನಪಾಯಿತು: ಅವನು ಏಳು ವರ್ಷದ ಹುಡುಗ, ಮುಳಬಾಗಿಲಿನ ಹೆದ್ದಾರಿಯ ಪಕ್ಕ, ಧೂಳು ತುಂಬಿದ ಸೇನೆಯ ಸಾಲು ಊಟಕ್ಕೆ ನಿಂತಿದೆ. ಇಂಥದ್ದೇ ಪೆಟ್ಟಿಗೆಯಿಂದ ಇಳಿದ ಸಿಪಾಯಿಯೊಬ್ಬ ಏನೂ ಹೇಳದೆ ಅವನ ಕಿವಿಗೆ ಹೆಡ್‌ಫೋನ್ ಹಾಕುತ್ತಾನೆ. ಕರಕರ ಸದ್ದಿನ ಆಚೆ ಯಾರೋ ಹಿಂದಿಯಲ್ಲಿ ಒಂದರಿಂದ ಹತ್ತು ಎಣಿಸುತ್ತಿದ್ದಾನೆ. ಲೋಕದಲ್ಲಿ ಎಲ್ಲೋ ಒಬ್ಬ ತನಗಾಗಿಯೇ ಎಣಿಸುತ್ತಿದ್ದಾನೆ ಎಂದು ಹುಡುಗ ನಂಬಿದ್ದ. ಆ ಸಿಪಾಯಿಗೆ ಅವನಿಂದ ಏನೂ ಆಗಬೇಕಾಗಿರಲಿಲ್ಲ. ಪಕ್ಕದಲ್ಲಿ ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಕೂತಿರುವ ಈ ಮನುಷ್ಯನಿಗೂ ಏನೂ ಆಗಬೇಕಾಗಿಲ್ಲ. ಹೊಟ್ಟೆಗೇನಾದರೂ ತಿಂದಿದ್ದಾನೋ ಇಲ್ಲವೋ. ಚಂದ್ರಮೋಹನ ಒಂದು ಕೈಯಲ್ಲಿ ಡಬ್ಬಿ ತೆಗೆದು ಕೊಟ್ಟ. ಆಂಜಿ ಬೇಡವೆಂದ, ಆಮೇಲೆ ತೆಗೆದುಕೊಂಡ, ಮುಚ್ಚಳದಲ್ಲಿ ಅರ್ಧ ಬಡಿಸಿಕೊಂಡು ಇನ್ನರ್ಧವನ್ನು ಅವನಿಗೆಂದು ಜೋಪಾನವಾಗಿ ಪಕ್ಕಕ್ಕಿಟ್ಟ.

"ಅಮ್ಮ ಒಗ್ಗರಣೆ ಚೆನ್ನಾಗಿ ಹಾಕವ್ರೆ," ಎಂದ. ನಾಲ್ಕು ತುತ್ತು ತಿಂದು ಮತ್ತೆ, "ಸಾರ್, ಒಂದು ಮಾತು ಕೇಳ್ಲಾ. ಮಾ ಕಡೆ ಎಲ್ಲ ಮಾಮಿಡಿ ತೋಟ, ಮಾವಿಂದು, ಹುಳ ಸಾಕೋರು ಕಮ್ಮಿ. ನಂಗೆ ಇದರ ಲೆಕ್ಕ ತಿಳೀದು. ಇನ್ಮೇಲೆ ಎಲ್ಲಾದ್ರೂ ಹೊಲ ಹಿಡಿದ್ರೆ, ಎಷ್ಟು ದೂರ ಬಿಟ್ಟು ಹೊಡೀಬೇಕು? ಐವತ್ತು ಗಜ ಸಾಕಾ, ನೂರು ಬೇಕಾ? ಆ ಅಕ್ಕನ ಮುಖ ನೋಡೋಕಾಗ್ಲಿಲ್ಲ ಸಾರ್. ಇನ್ನೊಬ್ರಿಗೆ ಹಂಗಾಗ್ಬಾರ್ದು."

ಟ್ರಕ್ಕು ಕೆರೆಯ ಕಟ್ಟೆಯ ಮೇಲೆ ಅರ್ಧ ಬಂದಿತ್ತು. ಐವತ್ತು ಎನ್ನಬಹುದಿತ್ತು. ನೂರು ಎನ್ನಬಹುದಿತ್ತು. ಹೇಳಿದ್ದನ್ನು ಇವನು ನೆನಪಿಟ್ಟುಕೊಂಡು, ಬದುಕಿರುವವರೆಗೆ ಪ್ರತಿ ಹೊಲದಲ್ಲೂ ಹೆಜ್ಜೆ ಎಣಿಸಿ ಅಷ್ಟು ನೆಲ ಬಿಡುತ್ತಾನೆ. ಚಂದ್ರಮೋಹನನ ಕಾಲು ಬ್ರೇಕಿನ ಮೇಲೆ ಹೋಯಿತು. ಟ್ರಕ್ಕು ಇಪ್ಪತ್ತು ಅಡಿ ಜಾರಿ ನಿಂತಿತು. ಇಂಜಿನ್ನು ಆರಿಸಲಿಲ್ಲ.

"ನಿನ್ನ ಔಷಧಿ ಅಲ್ಲ," ಎಂದ. "ನಂದು. ಮೊನ್ನೆ ಕಣಜಕ್ಕೆ ಅಂತ ಪೆಟ್ಟಿಗೆ ಒಳಗೆ ಹೊಡೆದೆ. ಸಂಜೆ ಅವರು ಸೊಪ್ಪು ಅಲ್ಲೇ ಇಟ್ಟರು."

ಆಂಜಿ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದು ನುಂಗಿದ. ಮುಚ್ಚಳದಲ್ಲಿ ಉಳಿದಿದ್ದನ್ನು ಡಬ್ಬಿಗೆ ಹಾಕಲಿಲ್ಲ, ಎಂಜಲಲ್ಲವೇ, ಕಿಟಕಿಯಿಂದ ಕೈಚಾಚಿ ಕಟ್ಟೆಯ ಕೆಳಗೆ ಸುರಿದ. ಮುಚ್ಚಳವನ್ನು ಟವೆಲ್ಲಿನಿಂದ ಒರೆಸಿ, ಡಬ್ಬಿ ಮುಚ್ಚಿ, ಸೀಟಿನ ಮೇಲಿಟ್ಟ.

"ಯಾವಾಗ ಗೊತ್ತಾಯ್ತು?"

"ನೀರು ಕುಡಿಯುವಾಗ."

"ಅಂದ್ರೆ ಕರ್ಪೂರ ಹಚ್ಚೋಕೆ ಮುಂಚೆ."

"ಹೌದು."

"ನಾನು ಕೈ ಎಳ್ಕೊಂಡಿದ್ದು ನಿಮ್ಮ ಮಾತಿಗೆ," ಎಂದ ಆಂಜಿ. ದನಿ ಏರಲಿಲ್ಲ. "ಗಾಡಿ ತಿರುಗಿಸಿ."

"ಕಟ್ಟೆ ಮೇಲೆ ತಿರುಗಲ್ಲ ಇದು. ಮುಂದೆ ರೋಡಿಗೆ ಹೋಗಿ ತಿರುಗಿಸ್ಕೊಂಡು ಬರೋಣ."

"ಬ್ಯಾಡ. ರೋಡು ಸಿಕ್ರೆ ನೀವು ಹೋಗ್ಬಿಡ್ತೀರ."

ಅದು ನಿಜವಿರಬಹುದು ಎಂದು ಚಂದ್ರಮೋಹನನಿಗೂ ಅನ್ನಿಸಿತು. ಆಂಜಿ ಕಲ್ಲನ್ನು ಸೀಟಿನ ಮೇಲೆ ಬಿಟ್ಟು ಕೆಳಗಿಳಿದ. "ಹಿಂದಕ್ಕೇ ಬನ್ನಿ. ನಾನು ಹಿಂದೆ ಇರ್ತೀನಿ. ಎರಡು ಸಲ ತಟ್ಟಿದ್ರೆ ಬನ್ನಿ, ಒಂದು ಸಲ ತಟ್ಟಿದ್ರೆ ನಿಲ್ಸಿ."

ಪೆಟ್ಟಿಗೆ ಹಿಂದಿನ ಲೋಕವನ್ನೆಲ್ಲ ಮುಚ್ಚಿತ್ತು. ಎಡಗಡೆ ಕನ್ನಡಿ ಇರಲಿಲ್ಲ, ಬಲಗಡೆಯದರಲ್ಲಿ ಕೆರೆಯ ನೀರು ಮಾತ್ರ ಕಾಣುತ್ತಿತ್ತು, ಚಕ್ರದಿಂದ ಒಂದು ಮಾರು ದೂರದಲ್ಲಿ. ಎರಡು ತಟ್ಟು. ಚಂದ್ರಮೋಹನ ರಿವರ್ಸ್ ಹಾಕಿ ಕ್ಲಚ್ಚು ಬಿಟ್ಟ. ಈ ಮನುಷ್ಯ ಮನಸ್ಸು ಮಾಡಿದರೆ ಒಂದು ತಟ್ಟನ್ನು ತಡಮಾಡಿ ತನ್ನನ್ನೂ ಇದನ್ನೂ ನೀರಿಗೆ ಇಳಿಸಬಹುದು ಎಂಬ ಯೋಚನೆ ಬಂತು, ಬಂದಾಗ ಹೆದರಿಕೆಯಾಗಲಿಲ್ಲ, ಸರಿಯೆನ್ನಿಸಿತು. ಎರಡು ತಟ್ಟು. ಎರಡು ತಟ್ಟು. "ಎಡಕ್ಕೆ, ಎಡಕ್ಕೆ, ಇನ್ನೂ," ಎನ್ನುವ ದನಿಯಲ್ಲಿ ಸ್ನೇಹವಿರಲಿಲ್ಲ, ಸಿಟ್ಟೂ ಇರಲಿಲ್ಲ, ಎತ್ತನ್ನು ಗಾಡಿಗೆ ಹಿಮ್ಮೆಟ್ಟಿಸುವವನ ಎಚ್ಚರವಿತ್ತು. ಒಂದು ಕಡೆ ಕಟ್ಟೆ ಕುಸಿದ ಜಾಗದಲ್ಲಿ ಒಂದೇ ತಟ್ಟು ಬಿತ್ತು. ಕಾದ. ಹಿಂದೆ ಕಲ್ಲುಗಳನ್ನು ಸರಿಸುವ, ತುಳಿದು ಕೂರಿಸುವ ಸದ್ದು. ಅಲ್ಲಿ ಗಟ್ಟಿ ನೆಲ ಮಾಡುತ್ತಿದ್ದಾನೆ. ಬಹಳ ಹೊತ್ತಿನ ಮೇಲೆ ಎರಡು ತಟ್ಟು. ಚಂದ್ರಮೋಹನ ಮತ್ತೆ ಕ್ಲಚ್ಚು ಬಿಟ್ಟ. ಅರ್ಧ ಮೈಲಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಊರಿನ ಬಾಯಲ್ಲೇ ನಗು ಶುರುವಾಯಿತು. "ಏನ್ ಮೇಷ್ಟ್ರೇ, ಮುಂದಕ್ಕೋಗೋ ಗೇರು ಇಲ್ವಾ ಇದಕ್ಕೆ?" ಎಂದ ಮುನಿಕೃಷ್ಣ, ಪಕ್ಕದಲ್ಲಿ ನಡೆಯುತ್ತಾ. ಆಂಜಿಯ ಮುಖ ನೋಡಿ ಪಕ್ಕಕ್ಕೆ ಸರಿದ. ಅಂಗಳದಲ್ಲಿ ಒಂದು ತಟ್ಟು ಬಿತ್ತು. ಅದರ ಮೇಲೆ ಯಾವ ತಟ್ಟೂ ಬರಲಿಲ್ಲ.

ಚಂದ್ರಮೋಹನ ಕಿಟಕಿಯಿಂದಲೇ ಹೇಳತೊಡಗಿದ. ಇಂಜಿನ್ನಿನ ಗದ್ದಲದಲ್ಲಿ ಅವನ ಬಾಯಿ ಆಡುವುದಷ್ಟೇ ಅವರಿಗೆ ಕಂಡಿತು. ಬೈರಮ್ಮ ಎದ್ದು ಬಂದು, ಕೈಯಾಡಿಸಿ, ಅದನ್ನು ಆರಿಸಿ ಎಂದಳು. ಆರಿಸಿದರೆ ತಳ್ಳದೆ ಮತ್ತೆ ಹೊರಡುವುದಿಲ್ಲ, ತಳ್ಳುವವರು ಇಲ್ಲಿ ಇನ್ನು ಯಾರೂ ಇಲ್ಲ. ಅವನು ಕೀಲಿ ತಿರುಗಿಸಿದ. ಸದ್ದು ನಿಂತಾಗ ಅಂಗಳ ಇದ್ದದ್ದಕ್ಕಿಂತ ಚಿಕ್ಕದಾಯಿತು. ಅವನು ಇಳಿದು, ಚಪ್ಪಲಿ ಬಿಟ್ಟು, ಮೊದಲಿಂದ ಹೇಳಿದ. ಡಬ್ಬಿಯ ಮುಚ್ಚಳದ ಬಣ್ಣದವರೆಗೂ ಹೇಳಿದ, ಬಾಗಿಲ ಮೇಲಿನ ಬರಹ ಓದಿದ್ದೆ ಎಂದೂ ಹೇಳಿದ, ಗೊತ್ತಿದ್ದೂ ಹೋಗಬಹುದು ಅಂದೆ ಎಂದ. ಕ್ಷಮಿಸಿ ಎಂಬ ಮಾತು ನಾಲಗೆಗೆ ಬಂತು. ಅದನ್ನು ಕೇಳುವುದು ಇನ್ನೊಂದು ಚೊಂಬು ನೀರು ಕೇಳಿದ ಹಾಗೆ ಎನ್ನಿಸಿ ಬಿಟ್ಟುಬಿಟ್ಟ.

ಮುನಿಕೃಷ್ಣ ಅವನ ಅಂಗಿಯ ಎದೆ ಹಿಡಿದ. ಹೊಡೆಯಲಿಲ್ಲ. ಬೈರಮ್ಮ, "ಬಿಡೋ, ವಯಸ್ಸಾಗದೆ ಅವರ್ಗೆ," ಎಂದಳು, ಅದು ಏಟಿಗಿಂತ ಕೆಟ್ಟದಾಗಿತ್ತು. ಆಮೇಲೆ ಅವಳು ಅವನನ್ನು ನೋಡಲಿಲ್ಲ, ಒಂದು ಬುಟ್ಟಿ ಎತ್ತಿಕೊಂಡು ಹಿತ್ತಲಿನ ಗುಂಡಿಯ ಕಡೆ ನಡೆದಳು. ಇಬ್ಬರು ಹೆಂಗಸರು ಹಿಂದೆ ಹೋದರು.

ಚನ್ನರಾಯಪ್ಪ ನೆಲ ನೋಡುತ್ತಾ ನಿಂತಿದ್ದ. ಆಂಜಿ ಅವನ ಎದುರಿಗೆ ಬಂದ, ಕೈ ಕಟ್ಟಿಕೊಳ್ಳಲಿಲ್ಲ.

"ಅಣ್ಣಾ, ನನ್ ಗಿಡ ಕೀಳೋದಾ, ಬ್ಯಾಡ್ವಾ? ಅದೊಂದು ಹೇಳ್ಬಿಡು. ನೀರು ಬಿಡೋ ಹೊತ್ತಾಯ್ತು."

ಚನ್ನರಾಯಪ್ಪ ತಲೆಯೆತ್ತಲಿಲ್ಲ. "ಹೋಗು," ಎಂದ. "ನೀರು ಬಿಟ್ಕೊ, ಹೋಗು."

ಆಂಜಿ ಲುಂಗಿ ಎತ್ತಿ ಕಟ್ಟಿಕೊಂಡು, ಯಾರ ಕಡೆಗೂ ತಿರುಗದೆ ಹೊಲದ ಕಡೆ ಹೋದ.